‘ಶುದ್ಧ’ ಕೊಂಕಣಿ ಯಾರ ಮನೆಯದ್ದು? ಕಲ್ಯಾಣಪುರದಿಂದ ಸ್ಪೇನ್‌ವರೆಗೆ ಒಂದು ಸುತ್ತು

ಕಲ್ಯಾಣಪುರದಿಂದ ಮಾತಾಡ್ತಿದ್ದೇನೆ. ಹೊರಗೆ ಜೋರು ಮಳೆ ಉಂಟು, ಮಧ್ಯೆ ಮಧ್ಯೆ ಹೆಂಚಿನ ಮೇಲೆ ನೀರು ಬೀಳುವ ಸದ್ದು ಕೇಳಿದರೆ ಸ್ವಲ್ಪ ಸಹಿಸಿಕೊಳ್ಳಿ.

ಹೋದ ಕಂತಿನಲ್ಲಿ ನಾನು ನಾಲ್ಕೈದು ನಿಮಿಷ ಕೊಂಕಣಿಯಲ್ಲಿ ಮಾತಾಡಿದ್ದೆ. ಅದಕ್ಕೆ ಬಂದ ಸಂದೇಶಗಳಲ್ಲಿ ಎರಡನ್ನು ಇವತ್ತು ಎತ್ತಿಕೊಂಡಿದ್ದೇನೆ. ಒಬ್ಬರು ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾರೆ, ಮೊಬೈಲ್ ಆ್ಯಪ್‌ನಲ್ಲಿ ಸ್ಪ್ಯಾನಿಶ್ ಕಲೀತಿದ್ದಾರೆ. ಅವರ ಪ್ರಶ್ನೆ: ‘ಸ್ಪ್ಯಾನಿಶ್‌ನಲ್ಲಿ ಟೇಬಲ್‌ಗೆ ಮೇಸಾ, ಹಬ್ಬಕ್ಕೆ ಫಿಯೆಸ್ತಾ. ನೀವು ಮೆಜ್ ಅಂದ್ರಿ, ಫೆಸ್ತ್ ಅಂದ್ರಿ. ನಿಮ್ಮ ಕೊಂಕಣಿ ಸ್ಪೇನಿನಿಂದ ಬಂದದ್ದಾ?’ ಇನ್ನೊಬ್ಬರದ್ದು ಪ್ರಶ್ನೆ ಅಲ್ಲ, ತೀರ್ಪು. ‘ನಿಮ್ಮದು ಪೋರ್ಚುಗೀಸ್ ಬೆರಕೆ ಕೊಂಕಣಿ. ಶುದ್ಧ ಕೊಂಕಣಿ ಬೇಕಾದರೆ ಗೋವಾಕ್ಕೆ ಹೋಗಬೇಕು.’

ಮೊದಲನೆಯವರಿಗೆ ಉತ್ತರ ಕೊಡ್ತಾ ಹೋದರೆ ಎರಡನೆಯವರಿಗೂ ಉತ್ತರ ಸಿಕ್ಕೀತು ಅಂತ ನನಗೆ ಅನಿಸಿತು. ಹಾಗಾಗಿ ಇವತ್ತು ಸ್ಪ್ಯಾನಿಶ್ ಕತೆಯೂ ಉಂಟು, ನಮ್ಮ ಕತೆಯೂ ಉಂಟು.

ಸ್ಪೇನಿನಿಂದ ಬಂದದ್ದಲ್ಲ. ಮೆಜ್, ಫೆಸ್ತ್, ಇಗರ್ಜ್ ಎಲ್ಲ ಪೋರ್ಚುಗೀಸಿನಿಂದ ಬಂದ ಮಾತು. ಆದರೆ ಪೋರ್ಚುಗೀಸ್ ಮತ್ತು ಸ್ಪ್ಯಾನಿಶ್ ಒಂದೇ ಮನೆಯ ಅಕ್ಕತಂಗಿಯರು, ತಾಯಿ ಲ್ಯಾಟಿನ್. ರೋಮ್ ಸಾಮ್ರಾಜ್ಯದ ಸೈನಿಕರು, ವ್ಯಾಪಾರಿಗಳು ಆಡುತ್ತಿದ್ದ ಆಡುನುಡಿಯ ಲ್ಯಾಟಿನ್ ಊರಿಂದೂರಿಗೆ ಬೇರೆ ಬೇರೆ ರೀತಿ ಬದಲಾಗಿ ಈ ಭಾಷೆಗಳಾದವು. ನಮ್ಮಲ್ಲಿ ಪ್ರಾಕೃತಗಳು ಬದಲಾಗಿ ಕೊಂಕಣಿ, ಮರಾಠಿ, ಗುಜರಾತಿ ಆದ ಹಾಗೆಯೇ. ಹಾಗಾಗಿ ಟೇಬಲ್‌ಗೆ ಇಬ್ಬರ ಮನೆಯಲ್ಲೂ ‘ಮೇಸಾ’. ಕನ್ನಡದ ‘ಮೇಜು’ ಕೂಡ ಅದೇ, ಗೊತ್ತುಂಟಲ್ಲ? ಚಾವಿ, ಪಗಾರ, ಬಾಲ್ದಿ, ಇಸ್ತ್ರಿ ಎಲ್ಲ ಅದೇ ಹಡಗಿನಲ್ಲಿ ಬಂದವು. ನಾನು ಬಿ.ಕಾಂ. ಓದಿದವ, ಪಗಾರ ಅನ್ನೋ ಶಬ್ದ ಪೋರ್ಚುಗೀಸರದ್ದು ಅಂತ ಅಲ್ಲಿ ಯಾರೂ ಹೇಳಿಕೊಡಲಿಲ್ಲ.

ಇನ್ನೂ ಹತ್ತಿರದ ಉದಾಹರಣೆ ಬೇಕಾದರೆ ನಮ್ಮೂರಿನ ಬೋರ್ಡ್ ನೋಡಿ. ಮಿಲಾಗ್ರಿಸ್. ಚರ್ಚು, ಕಾಲೇಜು, ಶಾಲೆ ಎಲ್ಲಕ್ಕೂ ಅದೇ ಹೆಸರು. ಪೋರ್ಚುಗೀಸಿನಲ್ಲಿ ‘ಮಿಲಾಗ್ರೆಸ್’ ಅಂದರೆ ಪವಾಡಗಳು. ಸ್ಪ್ಯಾನಿಶ್‌ನಲ್ಲಿ ‘ಮಿಲಾಗ್ರೊಸ್’. ಮೂಲ ಲ್ಯಾಟಿನ್ ‘ಮಿರಾಕುಲುಮ್’. ಲ್ಯಾಟಿನ್‌ನಲ್ಲಿ ‘ರ’ ಮೊದಲು, ‘ಲ’ ಆಮೇಲೆ. ಇವರ ಬಾಯಲ್ಲಿ ‘ಲ’ ಮೊದಲು, ‘ರ’ ಆಮೇಲೆ. ಅದಲುಬದಲು! ಇದು ತಪ್ಪು ಉಚ್ಚಾರ ಅಂತ ನಗಬೇಡಿ. ಹಳೆಗನ್ನಡದಲ್ಲಿ ಹೂವಿಗೆ ‘ಅಲರ್’. ಆಮೇಲೆ ‘ಅರಲ್’ ಆಯಿತು. ನಾವು ಇವತ್ತು ‘ಹೂ ಅರಳಿತು’ ಅಂತೇವಲ್ಲ, ಅಲ್ಲೂ ಲಕಾರ ರಕಾರ ಜಾಗ ಬದಲಿಸಿಕೊಂಡು ಕೂತಿವೆ.

ಈಗ ನನಗೆ ತುಂಬಾ ಇಷ್ಟವಾದ ವಿಷಯಕ್ಕೆ ಬರ್ತೇನೆ. ಲ್ಯಾಟಿನ್‌ನಲ್ಲಿ ಹಿಟ್ಟಿಗೆ ‘ಫರೀನ’. ಪೋರ್ಚುಗೀಸಿನಲ್ಲಿ ‘ಫರೀನ್ಯ’, ಫಕಾರ ಉಳಿದಿದೆ. ಸ್ಪ್ಯಾನಿಶ್‌ನಲ್ಲಿ ಆ ಫಕಾರ ಹಕಾರ ಆಯಿತು. ಕೆಲವು ಶತಮಾನ ‘ಹರೀನ’ ಅಂತ ಹೇಳಿದರು, ಆಮೇಲೆ ಹಕಾರವೂ ಬಿದ್ದು ಹೋಗಿ ಈಗ ‘ಅರೀನ’. ಬರೆಯುವಾಗ ಮಾತ್ರ ಹಕಾರದ ಅಕ್ಷರ ಉಂಟು, ಬಾಯಲ್ಲಿ ಇಲ್ಲ. ಹೊಗೆಗೆ ‘ಫೂಮೊ’ ಇದ್ದದ್ದು ‘ಊಮೊ’. ಮಗನಿಗೆ ಪೋರ್ಚುಗೀಸರು ‘ಫಿಲ್ಯು’ ಅಂದರೆ ಸ್ಪೇನಿನವರು ‘ಇಹೊ’.

ಇದನ್ನು ಮೊದಲ ಸಲ ಓದುವಾಗ ನಾನು ಕುರ್ಚಿಯಿಂದ ಎದ್ದದ್ದೊಂದು ಬಾಕಿ. ಯಾಕೆ ಹೇಳಿ? ಇದು ಕನ್ನಡದ್ದೇ ಕತೆ ಮಾರಾಯ್ರೆ! ಹಳೆಗನ್ನಡದ ‘ಪುಲಿ’ ಹುಲಿಯಾಯಿತು, ‘ಪಾಲ್’ ಹಾಲಾಯಿತು, ‘ಪೂ’ ಹೂವಾಯಿತು, ‘ಪೆಸರ್’ ಹೆಸರಾಯಿತು. ಹತ್ತನೇ ಶತಮಾನದ ಹೊತ್ತಿಗೆ ಶುರುವಾದ ಬದಲಾವಣೆ ಇದು. ಮಂಡ್ಯ, ಮೈಸೂರು ಕಡೆಯ ಹಳ್ಳಿಗಳಿಗೆ ಹೋದರೆ ಮೂರನೇ ಹಂತವೂ ಕೇಳುತ್ತದೆ. ಹಾಲು ಅಲ್ಲಿ ‘ಆಲು’, ಹೂವು ‘ಊವು’. ಪಕಾರ, ಹಕಾರ, ಆಮೇಲೆ ಸೊನ್ನೆ. ಸ್ಪ್ಯಾನಿಶ್‌ನಲ್ಲಿ ಫಕಾರ, ಹಕಾರ, ಸೊನ್ನೆ. ಸಾವಿರಾರು ಮೈಲಿ ದೂರದ, ಒಂದಕ್ಕೊಂದು ಸಂಬಂಧವೇ ಇಲ್ಲದ ಎರಡು ಭಾಷೆ ಒಂದೇ ದಾರಿ ಹಿಡಿದಿವೆ.

ನಮ್ಮ ಉಡುಪಿಯ ವಿಶೇಷ ಏನೆಂದರೆ, ಇಲ್ಲಿ ಎರಡು ಹಂತವೂ ಒಂದೇ ಬೀದಿಯಲ್ಲಿ ಉಂಟು. ತುಳುವಿನಲ್ಲಿ ಪಕಾರ ಹೋಗಲೇ ಇಲ್ಲ. ಅಷ್ಟಮಿಗೆ ಬಂದವರು ಕನ್ನಡದಲ್ಲಿ ‘ಹುಲಿವೇಷ’ ಅಂದರೆ ಪಕ್ಕದವರು ‘ಪಿಲಿ’ ಅಂತಾರೆ. ಹಾಲಿಗೆ ತುಳುವಿನಲ್ಲಿ ‘ಪೇರ್’, ಹೆಸರಿಗೆ ‘ಪುದರ್’. ಈಗ ಹೇಳಿ, ಹುಲಿ ಕೆಟ್ಟ ಪಿಲಿಯಾ? ‘ಆಲು’ ಅನ್ನುವವರ ನಾಲಿಗೆ ದಪ್ಪ ಅಂತ ನಾವು ನಗುತ್ತೇವೆ. ಮ್ಯಾಡ್ರಿಡ್‌ನಲ್ಲಿ ಪ್ರೊಫೆಸರು ‘ಅರೀನ’ ಅಂದರೆ ಅದು ಶಿಷ್ಟ ಭಾಷೆ! ಧ್ವನಿ ಬದಲಾದದ್ದು ಎರಡೂ ಕಡೆ ಒಂದೇ ಲೆಕ್ಕದಲ್ಲಿ. ನಗು ಮಾತ್ರ ಒಂದೇ ಕಡೆಗೆ. ನಗು ಬರುವುದು ಧ್ವನಿಗೆ ಅಲ್ಲ, ಆಡುವವರ ಅಂತಸ್ತಿಗೆ.

ಸರಿ, ಸ್ಪ್ಯಾನಿಶ್‌ನ ‘ಶುದ್ಧ’ ರೂಪ ಯಾವುದು? ಅದು ಮೊದಲಿಗೆ ಇಡೀ ಸ್ಪೇನಿನ ಭಾಷೆಯೇ ಆಗಿರಲಿಲ್ಲ. ಉತ್ತರದ ಕಸ್ತೀಲ್ಯ ಅನ್ನುವ ಪ್ರಾಂತ್ಯದ ಮಾತು. ಆ ರಾಜ್ಯ ದಕ್ಷಿಣಕ್ಕೆ ಬೆಳೆದ ಹಾಗೆ ಭಾಷೆಯೂ ಬೆಳೆಯಿತು. ಬೆಳೆಯುವಾಗ ಅರಬ್ಬಿಯಿಂದ ರಾಶಿ ಶಬ್ದ ತೆಗೆದುಕೊಂಡಿತು, ಯಾಕೆಂದರೆ ಆ ನೆಲದಲ್ಲಿ ಅರಬ್ಬಿ ಮಾತಾಡುವವರ ಆಡಳಿತ ಶತಮಾನಗಟ್ಟಲೆ ಇತ್ತು. ಸ್ಪ್ಯಾನಿಶ್‌ನಲ್ಲಿ ಸಕ್ಕರೆಗೆ ‘ಅಸೂಕರ್’. ಅದು ಅರಬ್ಬಿಯ ‘ಸುಕ್ಕರ್’, ಅದಕ್ಕೆ ಮುಂಚೆ ಪರ್ಶಿಯನ್, ಅದಕ್ಕೂ ಮುಂಚೆ ನಮ್ಮ ‘ಶರ್ಕರಾ’. ಕನ್ನಡದ ಸಕ್ಕರೆ, ಕೊಂಕಣಿಯ ಸಾಕರ್, ಸ್ಪೇನಿನ ಅಸೂಕರ್, ಮೂರೂ ದಾಯಾದಿಗಳು. ಅಷ್ಟು ಬೆರೆತ ಭಾಷೆಯನ್ನು ಬೆರಕೆ ಅಂತ ಕರೆದವರನ್ನು ನಾನು ನೋಡಿಲ್ಲ. ಸುಮಾರು 50 ಕೋಟಿ ಜನ ಅದನ್ನು ಮನೆಮಾತಾಗಿ ಆಡ್ತಾರೆ, ಅವರ ಎದುರು ಹೋಗಿ ಬೆರಕೆ ಅನ್ನುವ ಧೈರ್ಯ ಯಾರಿಗುಂಟು?

1492ರಲ್ಲಿ ಮೂರು ಸಂಗತಿ ಒಟ್ಟಿಗೆ ನಡೆದವು. ಕೊಲಂಬಸ್ ಹೊರಟ. ನೆಬ್ರಿಹಾ ಅನ್ನುವ ವಿದ್ವಾಂಸ ಆ ಭಾಷೆಯ ಮೊದಲ ವ್ಯಾಕರಣ ಅಚ್ಚು ಹಾಕಿಸಿ ರಾಣಿ ಇಸಬೆಲಾಗೆ ಅರ್ಪಿಸಿದ. ಮತ್ತೆ ಅದೇ ವರ್ಷ, ಮತಾಂತರಕ್ಕೆ ಒಪ್ಪದ ಯಹೂದಿಗಳನ್ನು ದೇಶದಿಂದ ಹೊರಗೆ ಹಾಕಿದರು.

ಅಮೆರಿಕಕ್ಕೆ ಹೋದ ಹಡಗುಗಳೆಲ್ಲ ದಕ್ಷಿಣದ ಸೆವಿಲ್ಯ ಕಡೆಯಿಂದ ಹೊರಡುತ್ತಿದ್ದವು, ಹೋದವರಲ್ಲೂ ಆ ಕಡೆಯವರೇ ಜಾಸ್ತಿ. ಹಾಗಾಗಿ ಲ್ಯಾಟಿನ್ ಅಮೆರಿಕದ ಸ್ಪ್ಯಾನಿಶ್ ಮ್ಯಾಡ್ರಿಡ್‌ಗಿಂತ ದಕ್ಷಿಣದ ಮಾತಿಗೆ ಹತ್ತಿರ. ಮ್ಯಾಡ್ರಿಡ್‌ನವರು ‘ಗ್ರಾಥಿಯಾಸ್’ ಅಂತ ನಾಲಿಗೆ ಹಲ್ಲಿನ ನಡುವೆ ಇಟ್ಟು ಹೇಳಿದರೆ ಮೆಕ್ಸಿಕೊದವರು ‘ಗ್ರಾಸಿಯಾಸ್’. ಒಬ್ಬ ರಾಜನಿಗೆ ನಾಲಿಗೆ ತೊದಲುತ್ತಿತ್ತು, ಪ್ರಜೆಗಳು ಅದನ್ನೇ ಅನುಕರಿಸಿದರು ಅಂತ ಒಂದು ಕತೆ ಓಡಾಡುತ್ತದೆ. ಅದು ಬರೀ ಕತೆ. ಅರ್ಜೆಂಟೀನಾದವರು ‘ನೀನು’ ಅನ್ನಲಿಕ್ಕೆ ‘ತು’ ಬಿಟ್ಟು ‘ವೊಸ್’ ಅಂತಾರೆ. ‘ವೊಸ್’ ಹಳೆಯ ಸ್ಪೇನಿನ ಮಾತು, ಸ್ಪೇನಿನಲ್ಲಿ ಬಳಕೆ ತಪ್ಪಿತು, ಅಲ್ಲಿ ಉಳಿಯಿತು. ಫುಟ್‌ಬಾಲ್ ನೋಡುವವರು ಮೆಸ್ಸಿಯ ಸಂದರ್ಶನ ಕೇಳಿ. 13ನೇ ವಯಸ್ಸಿಗೆ ಬಾರ್ಸಿಲೋನಾಕ್ಕೆ ಹೋದ ಮನುಷ್ಯ, ಮಾತು ಮಾತ್ರ ಈಗಲೂ ಹುಟ್ಟೂರು ರೊಸಾರಿಯೊದ್ದೇ.

ಯಹೂದಿಗಳ ಕತೆ ಬೇರೆ. ಅವರು ಇಸ್ತಾಂಬುಲ್, ಥೆಸಲೋನಿಕಿ ಕಡೆ ಹೋದರು. ಹೋದಲ್ಲಿ ಮನೆಯಲ್ಲಿ ಸ್ಪ್ಯಾನಿಶ್ಶೇ ಆಡಿದರು, ಹೀಬ್ರೂ ಲಿಪಿಯಲ್ಲಿ ಬರೆದರು. ಅದಕ್ಕೆ ಲದಿನೊ ಅಂತಾರೆ. ‘ಹೇಳಿದ’ ಅನ್ನಲಿಕ್ಕೆ ಈಗಿನ ಸ್ಪೇನಿನಲ್ಲಿ ‘ದಿಹೊ’, ಲದಿನೊದಲ್ಲಿ ‘ದಿಶೊ’. ಆ ಶಕಾರವೇ ಹಳೆಯದು. ಊರಲ್ಲಿ ಇದ್ದವರು ಬದಲಾದರು, ಊರು ಬಿಟ್ಟವರು ಜೋಪಾನ ಮಾಡಿದರು.

ಈಗ ಕಲ್ಯಾಣಪುರಕ್ಕೆ ವಾಪಸ್. ಊರು ಬಿಟ್ಟು ಬಂದವರು ನಾವೂ ಹೌದಲ್ಲ?

1510ರಲ್ಲಿ ಪೋರ್ಚುಗೀಸರು ಗೋವಾ ಹಿಡಿದರು, 1560ರಲ್ಲಿ ಅಲ್ಲಿ ಇನ್‌ಕ್ವಿಸಿಷನ್ ಬಂತು. ದೇವರನ್ನು ಉಳಿಸಿಕೊಳ್ಳಲಿಕ್ಕೆ ಅಂತ ಸಾರಸ್ವತರ ಎಷ್ಟೋ ಕುಟುಂಬ ದಕ್ಷಿಣಕ್ಕೆ ಬಂದವು. ಆಮೇಲೆ ಬರ, ತೆರಿಗೆ, ಮರಾಠರ ದಾಳಿ ಅಂತ ಕ್ರೈಸ್ತರೂ ಬಂದರು. ಇಲ್ಲಿಯ ಕೆಳದಿ ಅರಸರಿಗೆ ಬೇಸಾಯ ಬಲ್ಲ ಜನ ಬೇಕಿತ್ತು. ಕಲ್ಯಾಣಪುರದ ಮಿಲಾಗ್ರಿಸ್ ಚರ್ಚು ಶುರುವಾದದ್ದು 1678ರಲ್ಲಿ. ಆರು ವರ್ಷ ಬಿಟ್ಟು, 1684ರಲ್ಲಿ, ಗೋವಾದ ವೈಸ್‌ರಾಯ್ ಒಂದು ಆಜ್ಞೆ ಹೊರಡಿಸಿದ: ಜನ ಕೊಂಕಣಿ ಬಿಟ್ಟು ಪೋರ್ಚುಗೀಸ್ ಮಾತಾಡಬೇಕು, ಅದಕ್ಕೆ ಮೂರು ವರ್ಷದ ಗಡುವು.

ಈ ಎರಡು ಇಸವಿ ಅಕ್ಕಪಕ್ಕ ಇಟ್ಟು ನೋಡಿ. ‘ಶುದ್ಧ ಕೊಂಕಣಿ ಬೇಕಾದರೆ ಗೋವಾಕ್ಕೆ ಹೋಗಬೇಕು’ ಅನ್ನುವವರ ಲೆಕ್ಕದಲ್ಲಿ ಗೋವಾ ಹೆಡ್ ಆಫೀಸು, ನಾವು ಬ್ರಾಂಚು. ಹೆಡ್ ಆಫೀಸಿನಲ್ಲಿ ಬಾಗಿಲು ಮುಚ್ಚಿ ಅಂತ ಆರ್ಡರ್ ಆದಾಗ ಸ್ವರ್ಣಾ ನದಿಯ ದಡದ ಬ್ರಾಂಚಿನಲ್ಲಿ ವ್ಯವಹಾರ ನಡೀತಾ ಇತ್ತು. ಗೋವಾದ ಜನ ಆ ಆಜ್ಞೆಗೆ ಬಗ್ಗಲಿಲ್ಲ, ಮನೆಯಲ್ಲಿ ಕೊಂಕಣಿ ಉಳಿಸಿಕೊಂಡರು, ಅದು ಅವರ ದೊಡ್ಡತನ. ಆದರೆ ಕೊಂಕಣಿಯ ಲೆಡ್ಜರು ಒಂದೇ ಕಡೆ ಇತ್ತು ಅನ್ನೋದು ಸುಳ್ಳು. 2011ರ ಜನಗಣತಿ ಪ್ರಕಾರ ಗೋವಾದಲ್ಲಿ ಕೊಂಕಣಿ ಮಾತೃಭಾಷೆಯವರು ಸುಮಾರು 9.6 ಲಕ್ಷ, ಕರ್ನಾಟಕದಲ್ಲಿ ಸುಮಾರು 7.9 ಲಕ್ಷ. ಇಷ್ಟು ದೊಡ್ಡ ಬ್ರಾಂಚು ಎಲ್ಲಾದರೂ ಉಂಟಾ?

ಅದು ಬಿಡಿ, ಹಳೆಯದನ್ನು ಯಾರು ಇಟ್ಟುಕೊಂಡಿದ್ದಾರೆ ನೋಡೋಣ. ನಮ್ಮೂರ ಅಂಗಡಿಯ ಮಾಮ್ ಗೌಡ ಸಾರಸ್ವತರು. (ಕೊಂಕಣಿ ಗೊತ್ತಿಲ್ಲದವರಿಗೆ: ಕ್ರೈಸ್ತರ ಮನೆಯವರು ಜಿಎಸ್‌ಬಿ ಅಂಗಡಿಯವರನ್ನು ಕರೆಯುವುದೇ ಮಾಮ್ ಅಂತ.) ಅವರ ಬಾಯಲ್ಲಿ ದೇವರು ‘ದೇವು’, ಕೈ ‘ಹಾತು’, ಮಗ ‘ಪೂತು’, ಮನೆ ‘ಘರ’. ನನ್ನ ಬಾಯಲ್ಲಿ ದೇವ್, ಹಾತ್, ಪೂತ್, ಘರ್. ಕೊನೆಯ ಸ್ವರ ನಮ್ಮಲ್ಲಿ ಬಿದ್ದು ಹೋಗಿದೆ, ಗೋವಾದಲ್ಲೂ ಬಿದ್ದು ಹೋಗಿದೆ. ಮಾಮ್ ಹೇಳುವ ಆ ಉಕಾರ ಇವತ್ತಿನದಲ್ಲ. ಸಂಸ್ಕೃತದ ‘ಪುತ್ರಃ’ ಪ್ರಾಕೃತದಲ್ಲಿ ‘ಪುತ್ತೊ’, ಅಪಭ್ರಂಶದಲ್ಲಿ ‘ಪುತ್ತು’. ಅದೇ ಉಕಾರ ಕಲ್ಯಾಣಪುರದ ಕಿರಾಣಿ ಅಂಗಡಿಯ ಗಲ್ಲೆಯ ಹಿಂದೆ ಕೂತು ‘ಪೂತು’ ಅನ್ನುತ್ತಿದೆ. ಪದಗಳು ಸ್ವರದಲ್ಲೇ ಮುಗಿಯುವ ಕನ್ನಡ, ತುಳುವಿನ ನಡುವೆ ಬದುಕಿದ್ದು ಅದಕ್ಕೆ ಆಸರೆ ಆಗಿರಬಹುದು ಅಂತ ನನ್ನ ಊಹೆ. ಲದಿನೊದ ಶಕಾರದ ಹಾಗೆ ಇದು.

ಹಾಗಾದರೆ ಸಾರಸ್ವತರದ್ದು ಶುದ್ಧ, ನಮ್ಮದು ಬೆರಕೆ ಅಂತಲಾ? ಇಗರ್ಜಿಯ ಕೊಂಕಣಿ ಸ್ವಲ್ಪ ಗಮನ ಕೊಟ್ಟು ಕೇಳಿ. ಕಟ್ಟಡಕ್ಕೆ ‘ಇಗರ್ಜ್’, ಪೂಜೆಗೆ ‘ಮಿಸ್’, ಜಪಮಾಲೆಗೆ ‘ತೇರ್ಸ್’, ಶಿಲುಬೆಗೆ ‘ಖುರಿಸ್’. ಇವೆಲ್ಲ ಪೋರ್ಚುಗೀಸಿನಿಂದ ಬಂದದ್ದು, ಹೌದು. ಆದರೆ ದೇವರು ‘ದೇವ್’. ಸ್ವರ್ಗ ‘ಸರ್ಗ್’. ಪಾಪ ‘ಪಾತಕ್’. ವಿಶ್ವಾಸ ‘ಭಾವಾರ್ಥ್’. ಹೊರಗಿನ ಸಾಮಾನಿಗೆ ಹೊರಗಿನ ಹೆಸರು, ಒಳಗಿನ ವಿಷಯಕ್ಕೆ ಹಳೆಯ ಹೆಸರು. ಮದುವೆಗೆ ನಾವು ‘ಕಾಜಾರ್’ ಅಂತೇವೆ, ಪೋರ್ಚುಗೀಸಿನ ‘ಕಜಾರ್’ನಿಂದ. ಸಾರಸ್ವತರು ‘ವರ್ಡೀಕ’. ಆದರೆ ಮದುವೆಯ ಹಿಂದಿನ ದಿನ ನಾವು ಹಚ್ಚುವ ‘ರೋಸ್’ ತೆಂಗಿನಕಾಯಿಯ ರಸ, ಸಂಸ್ಕೃತದ ರಸವೇ.

ಇನ್ನು ಅಡುಗೆಮನೆಗೆ ಬನ್ನಿ. ಸಾರಸ್ವತರ ಊಟದಲ್ಲಿ ಬಟಾಟೆ ಸಾಂಗ್ ಇಲ್ಲದಿದ್ದರೆ ಅದು ಊಟವಾ? ಬಟಾಟೆ ಅನ್ನುವುದು ಕೆರಿಬಿಯನ್ ದ್ವೀಪದ ತೈನೊ ಜನರ ಮಾತು. ಸ್ಪೇನಿನವರು ಅವರಿಂದ ಕಲಿತರು, ಪೋರ್ಚುಗೀಸರು ಇಲ್ಲಿಗೆ ತಂದರು. ಮೆಣಸಿನಕಾಯಿಯೂ ಅದೇ ಅಮೆರಿಕದಿಂದ ಬಂದದ್ದು, ಆದರೆ ಅದಕ್ಕೆ ಕೊಂಕಣಿಯವರು ಸ್ವಂತ ಹೆಸರು ಕಟ್ಟಿದರು: ಮಿರ್ಸಾಂಗ್. ಮಿರಿ ಅಂದರೆ ಕಾಳುಮೆಣಸು, ಸಾಂಗ ಅಂದರೆ ಕೋಡು. ಕನ್ನಡದಲ್ಲಿ ಮೆಣಸಿಗೆ ಕಾಯಿ ಸೇರಿಸಿದ ಹಾಗೆ. ಒಂದು ಪಲ್ಯದೊಳಗೆ ತೈನೊ ಒಂದು, ಮನೆಯದ್ದು ಒಂದು. ಶುದ್ಧ ಮಾಡಲಿಕ್ಕೆ ಹೊರಟರೆ ಬಟಾಟೆಯನ್ನು ಹೊರಗೆ ಬಿಸಾಡಬೇಕು.

ಶಬ್ದ ಸಾಲ ತರುವುದು ಸುಲಭ, ಕಣ್ಣಿಗೂ ಬೀಳುತ್ತದೆ. ವಾಕ್ಯದ ಕಟ್ಟೇ ಬದಲಾದರೆ ಯಾರಿಗೂ ಗೊತ್ತಾಗುವುದಿಲ್ಲ. ಭಾಷಾವಿಜ್ಞಾನಿ ಎಂ. ವಿ. ನಾಡಕರ್ಣಿ 1975ರಲ್ಲಿ ಇದರ ಮೇಲೆ ಒಂದು ಲೇಖನ ಬರೆದರು, ಅದು ಪ್ರಪಂಚದ ಭಾಷಾವಿಜ್ಞಾನಿಗಳಿಗೆಲ್ಲ ಗೊತ್ತಿರುವ ಉದಾಹರಣೆ. ಹಿಂದಿಯಲ್ಲಿ, ಮರಾಠಿಯಲ್ಲಿ ‘ಜೋ… ವೋ’ ಅಂತ ಎರಡು ವಾಕ್ಯ ಜೋಡಿಸ್ತಾರಲ್ಲ? ಕರ್ನಾಟಕದ ಸಾರಸ್ವತರ ಕೊಂಕಣಿ ಅದನ್ನು ಬಿಟ್ಟು ಕನ್ನಡದ ಅಚ್ಚಿಗೆ ಬಂದಿದೆ, ‘ಯಾವ ಮುದುಕ ಪೇಪರ್ ಓದುತ್ತಾನೋ ಅವನು’ ಅನ್ನುವ ರೀತಿಗೆ. ಶಬ್ದ ಎಲ್ಲ ಕೊಂಕಣಿ, ಎಲುಬು ಕನ್ನಡದ್ದು! ಅಂದರೆ ಹಳೆಯ ‘ಉ’ ಇಟ್ಟುಕೊಂಡವರೇ ವಾಕ್ಯವನ್ನು ಬದಲಿಸಿದ್ದಾರೆ. ಒಂದೇ ಮನೆಯಲ್ಲಿ ಅತಿ ಹಳೆಯದೂ ಅತಿ ಹೊಸದೂ ಒಟ್ಟಿಗೆ ಉಂಟು. ಯಾವುದನ್ನು ಶುದ್ಧ ಅನ್ನುತ್ತೀರಿ?

ಇಷ್ಟರಲ್ಲಿ ನಾನು ಎರಡು ಪಂಗಡದ ಮಾತು ಮಾತ್ರ ಹೇಳಿದೆ. ಮಣಿಪಾಲದ ಸುತ್ತ ರಾಜಾಪುರ ಸಾರಸ್ವತರಿದ್ದಾರೆ, ಕುಡುಬಿಯವರಿದ್ದಾರೆ, ಕಡಲ ಬದಿ ಖಾರ್ವಿಗಳು, ಭಟ್ಕಳದಲ್ಲಿ ನವಾಯತರು. ಎಲ್ಲರದ್ದೂ ಬೇರೆ ಬೇರೆ ಧಾಟಿ. ಅದಕ್ಕೆ ಒಂದೊಂದು ಕಂತೇ ಬೇಕು.

ಇದೆಲ್ಲ ಬರೀ ಶಬ್ದದ ಮೋಜು ಅಂತ ನೀವು ಅಂದುಕೊಂಡರೆ ಒಂದು ವಿಷಯ ಹೇಳ್ತೇನೆ. ನನ್ನ ಬಾಪ್ಪುವಿನ, ಅಂದರೆ ಚಿಕ್ಕಪ್ಪನ, ಮಗಳು ಗೋವಾದಲ್ಲಿ ಒಂದು ಮದುವೆಗೆ ಹೋಗಿದ್ದಳು. ಊಟದ ಹೊತ್ತಿಗೆ ಮೀನು ಕೇಳುವಾಗ ನಮ್ಮಲ್ಲಿ ಹೇಳುವ ಹಾಗೆ ‘ಮಾಸ್ಳಿ’ ಅಂದಳು. ಯಾರೋ ನಕ್ಕು, ‘ನುಸ್ತೆಂ ಅನ್ನಬೇಕು, ನಿಮ್ಮದೆಂತ ಕೊಂಕಣಿ’ ಅಂದರಂತೆ. ಮಾಸ್ಳಿ ಸಂಸ್ಕೃತದ ಮತ್ಸ್ಯದಿಂದ ಇಳಿದು ಬಂದ ಶಬ್ದ, ಅದಕ್ಕೆ ನಗಲಿಕ್ಕೆ ಏನುಂಟು? ಆದರೆ ಅವಳು ಆವತ್ತು ಮಧ್ಯಾಹ್ನದಿಂದ ಇಂಗ್ಲಿಷಿಗೆ ತಿರುಗಿದಳು. ಈಗ ಬೆಂಗಳೂರಲ್ಲಿದ್ದಾಳೆ. ಎರಡು ವರ್ಷದ ಮಗಳ ಹತ್ತಿರ ಮಾತಾಡುವುದೂ ಇಂಗ್ಲಿಷೇ. ‘ನನ್ನ ಕೊಂಕಣಿ ಸರಿ ಇಲ್ಲ, ತಪ್ಪು ಕಲಿಸುವುದು ಯಾಕೆ’ ಅಂತಾಳೆ. ಪೋರ್ಚುಗೀಸ್ ವೈಸ್‌ರಾಯ್ ಮೂರು ವರ್ಷ ಗಡುವು ಕೊಟ್ಟು ಸಾಧಿಸಲಿಕ್ಕಾಗದ್ದನ್ನು ಒಂದು ಊಟದ ಸಾಲಿನ ನಗು ಸಾಧಿಸಿತು.

ಲದಿನೊಗೆ ಆದದ್ದೂ ನೆನಪಿಡಿ. ಅದರಲ್ಲಿ ಟರ್ಕಿ, ಗ್ರೀಕ್, ಹೀಬ್ರೂ ಎಲ್ಲ ಬೆರೆತಿತ್ತು, ಅದರಿಂದ ಅದು ಸಾಯಲಿಲ್ಲ. 1943ರಲ್ಲಿ ನಾಝಿಗಳು ಥೆಸಲೋನಿಕಿಯ ಯಹೂದಿಗಳನ್ನು ಔಶ್ವಿತ್ಸ್‌ಗೆ ಸಾಗಿಸಿದರು, ಮಾತಾಡುವವರೇ ಉಳಿಯಲಿಲ್ಲ. ಉಳಿದವರ ಮಕ್ಕಳು ಟರ್ಕಿಯಲ್ಲಿ ಟರ್ಕಿಗೆ, ಇಸ್ರೇಲಿನಲ್ಲಿ ಹೀಬ್ರೂಗೆ ತಿರುಗಿದರು.

ಲಿಪಿಯ ವಿಷಯದಲ್ಲೂ ಇದೇ ಹೆಡ್ ಆಫೀಸು ಜಗಳ. ಕೊಂಕಣಿಗೆ ಐದು ಲಿಪಿ: ನಾಗರಿ, ರೋಮನ್, ಕನ್ನಡ, ಮಲಯಾಳಂ, ಅರಬ್ಬಿ ಮೂಲದ್ದು. ಇಟಲಿಯ ಜೆಸುಯಿಟ್ ಪಾದ್ರಿ ಮಾಫೆಯಿ 1882ರಲ್ಲಿ ಕೊಂಕಣಿ ವ್ಯಾಕರಣ, 1883ರಲ್ಲಿ ನಿಘಂಟು ತಂದದ್ದು ಮಂಗಳೂರಿನಲ್ಲಿ, ಅದೂ ಬಾಸೆಲ್ ಮಿಶನ್ ಮುದ್ರಣಾಲಯದಲ್ಲಿ. ಕೆಥೊಲಿಕ್ ಪಾದ್ರಿಯ ಪುಸ್ತಕ ಪ್ರೊಟೆಸ್ಟೆಂಟರ ಪ್ರೆಸ್ಸಿನಲ್ಲಿ! 1912ರಲ್ಲಿ ಕನ್ನಡ ಲಿಪಿಯಲ್ಲಿ ‘ದಿರ್ವೆಂ’ ಪತ್ರಿಕೆ ಬಂತು, 1938ರಲ್ಲಿ ‘ರಾಕ್ಣೊ’. ಕೇಂದ್ರ ಸಾಹಿತ್ಯ ಅಕಾಡೆಮಿ ಕೊಂಕಣಿಯನ್ನು ಸ್ವತಂತ್ರ ಭಾಷೆ ಅಂತ ಒಪ್ಪಿದ್ದು 1975ರಲ್ಲಿ, ಸಂವಿಧಾನದ ಎಂಟನೇ ಪರಿಚ್ಛೇದಕ್ಕೆ ಸೇರಿದ್ದು 1992ರಲ್ಲಿ. ನಡುವೆ 1987ರ ಗೋವಾದ ರಾಜಭಾಷಾ ಕಾಯ್ದೆ ಕೊಂಕಣಿ ಅಂದರೆ ನಾಗರಿ ಲಿಪಿಯ ಕೊಂಕಣಿ ಅಂತ ಬರೆಯಿತು. ಅಕಾಡೆಮಿಯ ಪ್ರಶಸ್ತಿಯೂ ನಾಗರಿ ಪುಸ್ತಕಗಳಿಗೇ ಬರುತ್ತಾ ಬಂದಿದೆ. ಕನ್ನಡ ಲಿಪಿಯಲ್ಲಿ ಬರೆಯುವವ ಪ್ರಶಸ್ತಿಗೆ ಹೋಗಬೇಕಾದರೆ ತನ್ನದೇ ಪುಸ್ತಕವನ್ನು ಇನ್ನೊಂದು ಲಿಪಿಗೆ ಹಾಕಿಸಬೇಕು. ಇದು ನನಗೆ ಒಪ್ಪುವ ಮಾತಲ್ಲ.

ಸ್ಪ್ಯಾನಿಶ್‌ನವರು ಇಲ್ಲಿ ನಮಗಿಂತ ಜಾಣರಾದರು ಅಂತ ಹೇಳಬೇಕು. ಮ್ಯಾಡ್ರಿಡ್‌ನ ಅಕಾಡೆಮಿ 1713ರದ್ದು, ಬಹಳ ಕಾಲ ಅದು ಹೇಳಿದ್ದೇ ಕಾನೂನು. 1951ರಲ್ಲಿ ಮೆಕ್ಸಿಕೊದಲ್ಲಿ ಸಭೆ ಸೇರಿ ಬೇರೆ ಬೇರೆ ದೇಶದ ಅಕಾಡೆಮಿಗಳು ಒಂದು ಸಂಘ ಕಟ್ಟಿಕೊಂಡವು. ಈಗ ಅದರಲ್ಲಿ 23 ಅಕಾಡೆಮಿಗಳಿವೆ. ನಿಘಂಟು, ವ್ಯಾಕರಣ ಎಲ್ಲ ಒಟ್ಟಿಗೆ ಮಾಡ್ತಾರೆ. ಅರ್ಜೆಂಟೀನಾದ ‘ವೊಸ್’ ಈಗ ಅಧಿಕೃತ ನಿಘಂಟಿನ ಕ್ರಿಯಾಪದ ಪಟ್ಟಿಯಲ್ಲೂ ಉಂಟು, ತಪ್ಪು ಅಂತ ಗೀಟು ಹಾಕಿ ಅಲ್ಲ.

ಎರಡನೇ ಸಂದೇಶ ಕಳಿಸಿದವರಿಗೆ ಒಂದು ಕೋರಿಕೆ. ನೀವು ಯಾವ ಊರಿನವರು ಅಂತ ಬರೆದಿಲ್ಲ. ಕಿಟಕಿಗೆ, ಸೌಟಿಗೆ, ಅತ್ತೆಗೆ, ಮಳೆಗಾಲಕ್ಕೆ ನಿಮ್ಮ ಮನೆಯಲ್ಲಿ ಏನು ಹೇಳ್ತೀರಿ ಅಂತ ಒಂದು ವಾಯ್ಸ್ ನೋಟ್ ಕಳಿಸಿ. ಅಜ್ಜಿ ಇದ್ದರೆ ಅಜ್ಜಿಯ ಸ್ವರದಲ್ಲೇ ಆಗಲಿ. ಕಾರ್ಕಳ, ಕಾಪು, ಬ್ರಹ್ಮಾವರ, ಕುಂದಾಪುರದವರೂ ಕಳಿಸಿ, ಕಾಸರಗೋಡಿನವರೂ ಕಳಿಸಿ. ಮೂವತ್ತು ಸೆಕೆಂಡ್ ಸಾಕು. ಬಂದದ್ದನ್ನೆಲ್ಲ ಮುಂದಿನ ಕಂತಿನಲ್ಲಿ ಸಾಲಾಗಿ ಹಾಕ್ತೇನೆ.